ತೆಗೆದದ್ದನ್ನು ತೋರಿಸಿ

ಮೊದಲ ದಿನ ನನಗೆ ಅನುಮಾನ ಬಂದದ್ದು ಕಾಫಿಯಿಂದ. ವಿಜಯವಾಡದ ಹೊರವಲಯದ ಒಂದು ವಿಶ್ವವಿದ್ಯಾಲಯದಿಂದ ಒಬ್ಬ ಹೆಣ್ಣುಮಗಳು ವಿಶಾಖಪಟ್ಟಣದ ನಮ್ಮ ಮನೆಗೆ ಬಂದಿದ್ದರು. ಅಲ್ಲಿ ಹಳೆಯ ಕಾಗದಪತ್ರ, ಫೋಟೊ, ಧ್ವನಿಮುದ್ರಣಗಳನ್ನು ಕೂಡಿಡುವ ಆರ್ಕೈವ್ಸ್ ಇದೆ, ಈಕೆ ಅದನ್ನು ನೋಡಿಕೊಳ್ಳುವವರು. ನಾನು ಕೈಯಾರೆ ಮಾಡಿ ತಂದುಕೊಟ್ಟ ಕಾಫಿಯನ್ನು ಒಂದು ಗುಟುಕೂ ಕುಡಿಯದೆ ಎತ್ತಿಕೊಂಡು ಹೋಗಿ ಅಡುಗೆಮನೆಯ ಕಟ್ಟೆಯ ಮೇಲೆ ಇಟ್ಟು ಬಂದರು. ಕೈ ತೊಳೆದುಕೊಂಡರು. ಉಟ್ಟಿದ್ದ ಮಂಗಳಗಿರಿ ಸೀರೆಯ ಸೆರಗಿಗೆ ಒರೆಸಿಕೊಳ್ಳದೆ, ಕೈಯನ್ನು ಗಾಳಿಯಲ್ಲೇ ಆರಿಸಿಕೊಂಡು, ಮೇಜಿನ ಮೇಲೆ ಹರಡಿದ್ದ ನಮ್ಮ ಕ್ಯಾಸೆಟ್ಟುಗಳ ಮುಂದೆ ಕೂತರು. ನಮ್ಮ ಮನೆಯ ಕಾಫಿ ಇವರಿಗೆ ಸೇರುವುದಿಲ್ಲವೋ, ಇಲ್ಲ ಅದರಲ್ಲಿ ನಾನು ಏನಾದರೂ ಬೆರೆಸಿದ್ದೇನೆಂದು ತಿಳಿದರೋ? ಕೆಲಸವೆಲ್ಲ ಮುಗಿದ ಮೇಲೆ ಅಡುಗೆಮನೆಯಲ್ಲಿ ನಿಂತುಕೊಂಡೇ, ತಣ್ಣಗಾಗಿ ಕೆನೆ ಕಟ್ಟಿದ್ದ ಆ ಕಾಫಿಯನ್ನು ಪೂರ್ತಿ ಕುಡಿದು ಲೋಟವನ್ನೂ ತೊಳೆದಿಟ್ಟರು. ಅದರಿಂದ ನನ್ನ ಅನುಮಾನ ಇನ್ನೂ ಹೆಚ್ಚಾಯಿತು.

ಅನುಮಾನ ಪಡುವುದಕ್ಕೇ ನನಗೆ ಸಂಬಳ ಕೊಡುತ್ತಿದ್ದರು. ಇಲ್ಲಿಯ ಒಂದು ಸರ್ಕಾರಿ ಕಾರ್ಖಾನೆಯ ಇನ್‌ಸ್ಪೆಕ್ಷನ್ ವಿಭಾಗದಲ್ಲಿ ನನ್ನ ನೌಕರಿ ಪೂರ್ತಿ ಕಳೆಯಿತು. ಎದುರಿಗೆ ಬಂದ ಮಾಲು ಸರಿಯಿದೆ ಎಂದು ಯಾರು ಹೇಳಿದರೂ ನಂಬದೆ, ಅಳೆದು, ತಟ್ಟಿ, ಬೆಳಕಿಗೆ ಹಿಡಿದು ನೋಡಿ, ಆಮೇಲೆ ಅದರ ಮೇಲೊಂದು ಬಣ್ಣದ ಬೊಟ್ಟು ಇಡುವುದು ನನ್ನ ಕೆಲಸ. ಧಾರವಾಡದ ಕಡೆಯಿಂದ ನನ್ನ ಜೊತೆ ಬಂದ ಹೆಂಡತಿಗೆ ಇದೊಂದು ತಮಾಷೆ. ಗಾಜುವಾಕದ ತರಕಾರಿ ಅಂಗಡಿಯಲ್ಲಿ ನಾನು ಬದನೆಕಾಯಿಯನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದರೆ, "ಅದಕ್ಕೂ ಒಂದು ಬೊಟ್ಟು ಇಟ್ಟ ತರ್ರಿ" ಎನ್ನುತ್ತಿದ್ದಳು. ಅವಳು ತೀರಿಕೊಂಡ ಮೇಲೆ ಹಾಗೆ ಹೇಳುವವರು ಯಾರೂ ಇಲ್ಲ. ಬಾಗಿಲಿಗೆ ಇನ್ನೊಂದು ಬೀಗ ಹಾಕಿಸಿದ್ದೇನೆ.

ಆ ಕ್ಯಾಸೆಟ್ಟುಗಳಲ್ಲಿ ಇದ್ದದ್ದು ಅವಳ ದನಿ. ಬೇರೆ ಎಲ್ಲಿಯೂ ಅದು ಇಲ್ಲ. ಫೋನಿನಲ್ಲಿ ವಿಡಿಯೊ ತೆಗೆಯಲು ಹೋದರೆ ಕೈ ಅಡ್ಡ ಹಿಡಿದು ಒಳಗೆ ಹೋಗಿಬಿಡುವ ಹೆಂಗಸು ಅವಳು. ಮದುವೆ ಮುಂಜಿಗಳ ವಿಡಿಯೊಗಳಲ್ಲಿ ಕೂಡ ಅವಳ ಬೆನ್ನು ಕಾಣುತ್ತದೆ, ಮಾತು ಕೇಳುವುದಿಲ್ಲ. ಹಾಗಿದ್ದವಳು ನಾಟಕದ ಕ್ಯಾಸೆಟ್ಟಿನಲ್ಲಿ ಹೇಗೆ ಸೇರಿಕೊಂಡಳೆಂಬುದನ್ನು ಹೇಳಬೇಕಾದರೆ ನಮ್ಮ ಟೌನ್‌ಶಿಪ್ಪಿನ ಕನ್ನಡ ಸಂಘದ ನಾಟಕಗಳ ರೀತಿಯನ್ನು ಹೇಳಬೇಕು.

ಪ್ರತಿ ರಾಜ್ಯೋತ್ಸವಕ್ಕೆ ನಾವು ಒಂದು ನಾಟಕ ಆಡುತ್ತಿದ್ದೆವು. ನಮ್ಮಲ್ಲೇ ಯಾರಾದರೂ ಬರೆದ ರಾಜ ರಾಣಿಯರ ನಾಟಕ. ಆಡುವವರೆಲ್ಲ ಪಾಳಿಯ ಮೇಲೆ ದುಡಿಯುವ ಗಂಡಸರು, ರಾಣಿಯ ಪಾತ್ರವೂ ಗಂಡಸರದೇ. ರಾಜ ಬೆಳಗಿನ ಶಿಫ್ಟ್, ಮಂತ್ರಿ ಮಧ್ಯಾಹ್ನದ ಶಿಫ್ಟ್, ಸೇನಾಪತಿ ರಾತ್ರಿ ಶಿಫ್ಟ್. ಮೂವರೂ ಒಟ್ಟಿಗೆ ತಾಲೀಮಿಗೆ ಬಂದ ದಿನವೇ ಇರಲಿಲ್ಲ. ಹಾಗಾಗಿ ಯಾರಿಗೂ ಮಾತು ಬಾಯಿಪಾಠ ಬರುತ್ತಿರಲಿಲ್ಲ. ಎಲ್ಲ ತಾಲೀಮಿಗೂ ತಪ್ಪದೆ ಬರುತ್ತಿದ್ದವಳು ನನ್ನ ಹೆಂಡತಿ ಒಬ್ಬಳೇ. ಬಾರದವರ ಮಾತನ್ನೆಲ್ಲ ಅವಳೇ ಓದಿ ಹೇಳುತ್ತಿದ್ದಳು. ಕೊನೆಗೆ ಅದೇ ರೂಢಿಯಾಗಿ, ನಾಟಕದ ದಿನವೂ ಅವಳು ಪಕ್ಕದ ಪರದೆಯ ಮರೆಯಲ್ಲಿ ಪ್ರಾಂಪ್ಟರ್ ಆಗಿ ಕೂರುತ್ತಿದ್ದಳು. ಬೇರೆ ಕಡೆ ಪ್ರಾಂಪ್ಟರ್ ಅಂದರೆ ಮರೆತಾಗ ಒಂದು ಮಾತು ನೆನಪಿಸುವವರು. ನಮ್ಮಲ್ಲಿ ಹಾಗಲ್ಲ, ಪೂರ್ತಿ ನಾಟಕವನ್ನೇ ಅವಳು ಒಂದೊಂದು ಸಾಲಾಗಿ ಮೊದಲು ಹೇಳಬೇಕು, ಆಮೇಲೆ ರಂಗದ ಮೇಲಿದ್ದವರು ಅದನ್ನು ಮೀಸೆ ತಿರುವಿ ಗಟ್ಟಿಯಾಗಿ ಹೇಳಬೇಕು. ಸಭಿಕರಿಗೂ ಇದು ಗೊತ್ತಿತ್ತು. ಯಾರೂ ಬೇಸರಪಟ್ಟುಕೊಳ್ಳುತ್ತಿರಲಿಲ್ಲ.

ಟೇಪ್ ರೆಕಾರ್ಡರ್ ಇಡುವ ಜವಾಬ್ದಾರಿ ನನ್ನದು. ಕಮ್ಯುನಿಟಿ ಹಾಲಿನ ರಂಗದಲ್ಲಿ ನೆಚ್ಚಿಕೊಳ್ಳಬಹುದಾದ ಪ್ಲಗ್ ಪಾಯಿಂಟ್ ಇದ್ದದ್ದು ಎಡಗಡೆಯ ಮರೆಯಲ್ಲಿ, ಅವಳ ಸ್ಟೂಲಿನ ಪಕ್ಕದಲ್ಲಿ. ಬ್ಯಾಟರಿಯನ್ನು ನಾನು ನಂಬುವವನಲ್ಲ. ಹೀಗಾಗಿ ರೆಕಾರ್ಡರ್ ಪ್ರತಿ ವರ್ಷ ಅವಳ ಮಗ್ಗುಲಲ್ಲೇ ಕೂತು ಅವಳ ದನಿಯನ್ನು ಸ್ಪಷ್ಟವಾಗಿ ಹಿಡಿಯಿತು. ರಾಜರೂ ಮಂತ್ರಿಗಳೂ ಬಾವಿಯ ತಳದಿಂದ ಮಾತಾಡಿದ ಹಾಗೆ ದೂರದಲ್ಲಿ ಕೇಳುತ್ತಾರೆ. ಮರುದಿನ ಎಲ್ಲರೂ ಸೇರಿ ಕ್ಯಾಸೆಟ್ ಹಾಕಿ ಕೇಳಿ ಬಿದ್ದು ಬಿದ್ದು ನಗುತ್ತಿದ್ದರು. ಈ ಸಲವೂ ಎಲ್ಲ ಪಾತ್ರ ವಹಿನಿಯವರದ್ದೇ ಎನ್ನುತ್ತಿದ್ದರು, ಅವಳು ಎಲ್ಲರಿಗೂ ವಹಿನಿ, ಅತ್ತಿಗೆ. ನಗದವನೊಬ್ಬನೇ, ಪ್ರತಿ ವರ್ಷ ರಾಜನ ಪಾತ್ರ ಮಾಡುತ್ತಿದ್ದ ನನ್ನ ಗೆಳೆಯ. ಮೈಸೂರಿನ ಕಡೆಯವನು, ಒಳ್ಳೆಯ ಕಂಠ, ಅದರ ಮೇಲೆ ಅವನಿಗೆ ತಕ್ಕಷ್ಟು ಅಭಿಮಾನವೂ ಇತ್ತು.

ಈಗ ಸಂಘ ಇಲ್ಲ ಅಂದರೂ ಆದೀತು. ನಿವೃತ್ತರು ಊರು ಸೇರಿದರು, ಹೊಸದಾಗಿ ಬರುವ ಹುಡುಗರು ಎರಡು ವರ್ಷ ಇದ್ದು ಹೋಗುವವರು. ಸಂಘದ ಕೋಣೆಯನ್ನು ಬಿಟ್ಟುಕೊಡಬೇಕಾಗಿ ಬಂದಾಗ ಕ್ಯಾಸೆಟ್ಟುಗಳು ನಮ್ಮ ಮನೆಗೆ ಬಂದವು. ಅಧ್ಯಕ್ಷ ಎಂಬ ಹೆಸರು ಮಾತ್ರ ನನ್ನ ರಾಜ ಗೆಳೆಯನ ಬಳಿ ಉಳಿಯಿತು. ಸಮುದ್ರದ ಗಾಳಿಗೆ ಇಲ್ಲಿ ಕಬ್ಬಿಣವೇ ಬಾಳುವುದಿಲ್ಲ, ಇನ್ನು ಟೇಪು ಎಷ್ಟು ದಿನ ಬಾಳೀತು? ಒಂದು ಮಧ್ಯಾಹ್ನ ಒಂದನ್ನು ಹಾಕಿದೆ. ಅವಳು "ದೇವೀ" ಎನ್ನುವಷ್ಟರಲ್ಲಿ ಪ್ಲೇಯರ್ ಟೇಪನ್ನು ಕಚ್ಚಿಕೊಂಡಿತು. ಬಿಡಿಸಿ ಪೆನ್ಸಿಲ್ ತೂರಿಸಿ ಮೆಲ್ಲಗೆ ಸುತ್ತಿ ಇಟ್ಟೆ. ಆಮೇಲೆ ಇನ್ನೊಂದನ್ನು ಹಾಕುವ ಧೈರ್ಯ ನನಗೆ ಬರಲಿಲ್ಲ.

ಆರ್ಕೈವ್ಸಿನ ಸುದ್ದಿ ತಂದವಳು ಮಗಳು. ಅವಳು ವಿಜಯವಾಡದ ಪಟಮಟದಲ್ಲಿ ಇರುತ್ತಾಳೆ, ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸ. ಹುಟ್ಟಿದ್ದು ಬೆಳೆದದ್ದು ಟೌನ್‌ಶಿಪ್ಪಿನಲ್ಲಿ, ಹಾಗಾಗಿ ನಗುವುದು, ಜಗಳಾಡುವುದು, ಲೆಕ್ಕ ಮಾಡುವುದು ಎಲ್ಲ ತೆಲುಗಿನಲ್ಲಿ. ಕನ್ನಡ ನನ್ನೊಬ್ಬನ ಜೊತೆಗೆ, ಅದೂ ಅರ್ಧ.

"ಅಪ್ಪಾ, ನಮ್ಮ ಅಪಾರ್ಟ್‌ಮೆಂಟಿನ್ಯಾಗ ಒಬ್ಬ ಮೇಡಂ ಇದ್ದಾರ. ಯೂನಿವರ್ಸಿಟಿದಾಗ ಹಳೇದೆಲ್ಲ ಕಲೆಕ್ಟ್ ಮಾಡ್ತಾರ. ಟೌನ್‌ಶಿಪ್ ಜನರ ಲೈಫ್, ಹೊರಗಿಂದ ಬಂದವರದು. ನಮ್ಮ ಕ್ಯಾಸೆಟ್ಸ್ ಕೊಟ್ರ ಚೆನ್ನಾಗಿ ಇಡ್ತಾರ ಕದಾ. ಅನುಮಾನ ಪಡಬ್ಯಾಡಂಡಿ" ಎಂದಳು.

ಅವಳ ಕನ್ನಡಕ್ಕೆ ಹೀಗೆ ತೆಲುಗಿನ ಬಾಲ ಬೆಳೆದಿದೆ. ಅನುಮಾನ ಪಡಬೇಡಿ ಎಂದದ್ದಕ್ಕೇ ನನಗೆ ಅನುಮಾನ ಬಂತು. ಪಟಮಟಕ್ಕೆ ಬಂದು ಇರ್ರಿ ಎಂದು ಅವಳು ಹೇಳುತ್ತಿರುವುದು ಇವತ್ತು ನಿನ್ನೆಯದಲ್ಲ. ನಾನು ಒಪ್ಪಿಲ್ಲ. ಮನೆ ಖಾಲಿ ಮಾಡಿಸುವವರು ಮೊದಲು ಕಪಾಟು ಖಾಲಿ ಮಾಡಿಸುತ್ತಾರೆ ಎಂದು ಲೆಕ್ಕ ಹಾಕಿದೆ. ಇನ್ನೊಂದೂ ಮನಸ್ಸಿನಲ್ಲಿತ್ತು. ಅವ್ವ ಹೋದ ಮೇಲೆ ಈ ಹುಡುಗಿ ಒಂದು ಸಲವಾದರೂ ಆ ಕ್ಯಾಸೆಟ್ ಹಾಕ್ರಿ, ಕೇಳೋಣ ಅಂದಿರಲಿಲ್ಲ. ಭಾಷೆ ಹೋದ ಮೇಲೆ ದನಿಯ ಮೇಲಿನ ಮಮತೆಯೂ ಹೋಗುತ್ತದೇನೋ ಎಂದು ಒಳಗೊಳಗೇ ಕೊರಗಿದ್ದೆ. ಅವಳಿಗೆ ಹೇಳಿರಲಿಲ್ಲ.

ಕೊನೆಗೆ ಕೊಟ್ಟೆ. ಟೇಪು ಕೊಳೆಯುವುದು ಖಂಡಿತವಿತ್ತು, ಅವರು ಮೋಸ ಮಾಡುವುದು ಅಷ್ಟು ಖಂಡಿತವಿರಲಿಲ್ಲ, ಅಷ್ಟೇ ಕಾರಣ. ಒಪ್ಪಂದದ ಕಾಗದವನ್ನು ಭೂತಗನ್ನಡಿ ಹಿಡಿದು ಓದಿದೆ. ಸಂಘದ ವಸ್ತುವಾದ್ದರಿಂದ ಅಧ್ಯಕ್ಷನ ಸಹಿಯೇ ಬೇಕು ಎಂದರು, ರಾಜ ಬಂದು ಸಹಿ ಮಾಡಿದ. ಅದಕ್ಕೆ ಮೊದಲು ನಾನು ನನ್ನದೊಂದು ಕೆಲಸ ಮಾಡಿದ್ದೆ. ಬೇರೆ ಕ್ಯಾಸೆಟ್ಟುಗಳನ್ನು ಅದಲುಬದಲು ಮಾಡಿ ಇಟ್ಟರೆ ನನಗೆ ಗೊತ್ತಾಗುವುದು ಹೇಗೆ? ಹೆಂಡತಿಯ ಡಬ್ಬಿಯಲ್ಲಿ ಉಳಿದಿದ್ದ ನೇಲ್ ಪಾಲಿಶ್ ತೆಗೆದು ಪ್ರತಿಯೊಂದರ ಮೂಲೆಗೂ ಒಂದು ಕೆಂಪು ಬೊಟ್ಟು ಇಟ್ಟೆ. ಆಕೆ ಅದನ್ನು ಕಂಡರು. ಏನೂ ಕೇಳಲಿಲ್ಲ. ಒಂದೊಂದನ್ನೂ ಬಿಳಿ ಕಾಗದದಲ್ಲಿ ಸುತ್ತಿ ಪೆಟ್ಟಿಗೆಯಲ್ಲಿ ನಿಲ್ಲಿಸಿಕೊಂಡು ಹೋದರು. ಆವತ್ತು ಸಂಜೆ ಕಪಾಟಿನ ಬಾಗಿಲು ತೆಗೆಯಲು ನನಗೆ ಮನಸ್ಸಾಗಲಿಲ್ಲ.

ಹಲವು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಸಂಘದ ವಾಟ್ಸ್ಆ್ಯಪ್ ಗುಂಪಿನಲ್ಲಿ ರಾಜ ಒಂದು ಲಿಂಕ್ ಹಾಕಿದ. ಕೆಳಗೆ ಕೈಮುಗಿಯುವ ಚಿತ್ರಗಳ ಸಾಲು. ವಿಶ್ವವಿದ್ಯಾಲಯದವರು ನಮ್ಮ ಒಂದು ನಾಟಕವನ್ನು ಎಲ್ಲರೂ ಕೇಳುವ ಹಾಗೆ ಹಾಕಿದ್ದರು. ನಾನು ಬಾಗಿಲು ಹಾಕಿಕೊಂಡು, ಫ್ಯಾನ್ ಆರಿಸಿ, ಫೋನನ್ನು ಕಿವಿಗೆ ಹಿಡಿದು ಕೂತೆ. ನಾಂದಿ ಮುಗಿಯಿತು. ರಾಜ ಗುಡುಗಿದ. ಬಾವಿಯ ತಳದಿಂದಲ್ಲ, ನನ್ನ ಕಿವಿಯ ಪಕ್ಕದಲ್ಲೇ. ಮಂತ್ರಿ ಬಿನ್ನವಿಸಿಕೊಂಡ. ಸೇನಾಪತಿಯ ಕತ್ತಿಯ ತಗಡಿನ ಸದ್ದು ಕೂಡ ಕೇಳಿತು. ಎಲ್ಲ ಇತ್ತು. ಅವಳು ಇರಲಿಲ್ಲ.

ಮೊದಲು ನನ್ನ ಕಿವಿಯದೇ ದೋಷ ಅಂದುಕೊಂಡೆ. ಮತ್ತೆ ಮೊದಲಿನಿಂದ ಹಾಕಿದೆ. ಒಂದು ಮಾತಿಗೂ ಇನ್ನೊಂದು ಮಾತಿಗೂ ನಡುವೆ, ಅವಳು ಹೇಳಿಕೊಡುತ್ತಿದ್ದ ಜಾಗದಲ್ಲಿ, ಏನೂ ಇಲ್ಲ. ಗಾಳಿಯ ಸದ್ದು ಕೂಡ ಇಲ್ಲ. ತೊಳೆದು ಒರೆಸಿ ಇಟ್ಟ ನೆಲ ಇದ್ದ ಹಾಗೆ. ಸತ್ತವರನ್ನು ಒಂದು ಸಲ ಕಳಿಸಿಕೊಡುವುದೇ ಸಾಕುಬೇಕಾಗಿರುತ್ತದೆ, ಇವರು ಎರಡನೆಯ ಸಲ ಕಳಿಸಿದ್ದರು, ಅದೂ ನನ್ನ ಕೈಯಿಂದಲೇ ಇಸಿದುಕೊಂಡು.

ಎರಡು ಬಸ್ಸು ಬದಲಿಸಿ ಊರಿನ ಆ ತುದಿಗೆ, ಋಷಿಕೊಂಡಕ್ಕೆ ಹೋದೆ. ರಾಜ ಈಗ ಅಲ್ಲಿ ಗುಡ್ಡದ ಮೇಲಿನ ಐಟಿ ಆಫೀಸುಗಳಿಗೆ ಎದುರಾಗಿ ಒಂದು ಫ್ಲಾಟಿನಲ್ಲಿ ಮಗನ ಸಂಸಾರದ ಜೊತೆ ಇರುತ್ತಾನೆ. ಬಾಗಿಲು ತೆಗೆದವನ ಮುಖ ಅರಳಿತ್ತು.

"ಬಾಯ್ಯಾ ಬಾ. ಕೇಳಿದ್ಯಾ? ಹೆಂಗಿದೆ ನನ್ನ ದನಿ?"

"ಆಕಿ ದನಿ ಎಲ್ಲಿ?" ಎಂದೆ.

"ಯಾರ್ದು?"

"ಯಾರ್ದು ಅಂತ ನನ್ನ ಕೇಳ್ತಿಯಲ್ಲೋ!"

ಅವನು ಮುಚ್ಚುಮರೆಯಿಲ್ಲದೆ ಹೇಳಿದ. "ನಾನೇ ಕಣಯ್ಯಾ ಹೇಳಿದ್ದು. ಮಧ್ಯ ಮಧ್ಯ ಒಂದು ಪಿಸುಪಿಸು ಬರತ್ತೆ, ಅದು ತೊಂದ್ರೆ ಕೊಡತ್ತೆ, ತೆಗೆದುಬಿಡಿ ಅಂತ. ಈಗ ಸಾಫ್ಟ್‌ವೇರ್ ಇದೆಯಂತೆ, ಗಂಡು ದನಿ ಹೆಣ್ಣು ದನಿ ಬೇರೆ ಬೇರೆ ಮಾಡತ್ತೆ. ಇದ್ರಲ್ಲಿ ತಪ್ಪೇನಿದೆ? ನನ್ನ ಮೊಮ್ಮಕ್ಕಳು ಅವರ ತಾತ ರಾಜ ಆಗಿದ್ದನ್ನ ಕೇಳಬಾರ್ದಾ? ಅಷ್ಟು ವರ್ಷ ನಾನು ಕಿರುಚಿದ್ದು, ಕ್ಯಾಸೆಟ್ಟಲ್ಲಿ ಉಳಿದಿದ್ದು ನಿನ್ನ ಹೆಂಡ್ತಿ."

ಅವನ ದುಃಖವೂ ಸುಳ್ಳಲ್ಲ ಎನ್ನುವುದೇ ನನಗೆ ಇನ್ನೂ ಸಿಟ್ಟು ತರಿಸಿತು. ಸೊಸೆ ತಂದಿಟ್ಟ ಚಹಾ ಮುಟ್ಟದೆ ಎದ್ದು ಬಂದೆ. ಬಸ್ಸಿನಲ್ಲಿ ಕೂತು ನನ್ನ ತಲೆ ಇನ್ನೊಂದು ದಾರಿ ಹಿಡಿಯಿತು. ಇವನಿಗೆ ಆರ್ಕೈವ್ಸಿನವರ ನಂಬರ್ ಕೊಟ್ಟವರು ಯಾರು? ಮಗಳು. ಪಿಸುಪಿಸು ಅಂದರೆ ಯಾರದೆಂದು ಆ ಮೇಡಂಗೆ ಹೇಳಬಹುದಾಗಿದ್ದವರು ಯಾರು? ಮಗಳು. ಹೇಳಲಿಲ್ಲ. ಕೊನೆಗೆ ಮೂಲ ಕ್ಯಾಸೆಟ್ಟುಗಳನ್ನೂ ಗುಜರಿಗೆ ಹಾಕಿರುತ್ತಾರೆ ಎಂಬಲ್ಲಿಗೆ ಬಂದು ಮುಟ್ಟಿದೆ.

ರಾತ್ರಿ ಮಗಳಿಗೆ ಫೋನ್ ಮಾಡಿ ಆರ್ಕೈವ್ಸಿಗೆ ಹೋಗುತ್ತೇನೆ ಎಂದಷ್ಟೇ ಹೇಳಿ, ಮರುದಿನ ಬೆಳಗಿನ ರೈಲು ಹತ್ತಿದೆ. ತುನಿ, ಸಾಮರ್ಲಕೋಟ ಕಳೆದು, ಗೋದಾವರಿಯ ಸೇತುವೆಯ ಮೇಲೆ ಎಲ್ಲರೂ ಕಿಟಕಿಯಿಂದ ಕೈಮುಗಿಯುವಾಗ ನಾನು ಮಾತ್ರ ಆ ಹೆಣ್ಣುಮಗಳಿಗೆ ಕೇಳಬೇಕಾದ ಪ್ರಶ್ನೆಗಳನ್ನು ಜೋಡಿಸಿಕೊಳ್ಳುತ್ತಿದ್ದೆ. ವಿಜಯವಾಡದ ಸ್ಟೇಶನ್ನಿನಲ್ಲಿ ಮಗಳು ಕಾಯುತ್ತಿದ್ದಳು. ಕೆಲಸಕ್ಕೆ ರಜೆ ಹಾಕಿದ್ದಳು.

"ನೀ ಯಾಕ ರಜಾ ಹಾಕಿದಿ?"

"ನೀವೊಬ್ಬರೇ ಹೋಗಿ ಜಗಳ ಆಡ್ತೀರಿ ಅಂತ."

"ಆ ಮೇಡಂ ಪರ ಮಾತಾಡಾಕ ಬಂದಿಯೇನು?"

ಅವಳು ನನ್ನ ಚೀಲ ಇಸಿದುಕೊಂಡು ಮುಂದೆ ನಡೆದಳು. ಊಟ ಮಾಡಿ ಹೋಗೋಣ ಎಂದಳು, ನಾನು ಬೇಡವೆಂದೆ. ದಾರಿಯುದ್ದಕ್ಕೂ ಬಸ್ಸಿನಲ್ಲಿ ನಾವು ಇಬ್ಬರೂ ಕಿಟಕಿಯ ಕಡೆಗೇ ನೋಡುತ್ತಿದ್ದೆವು.

ಆರ್ಕೈವ್ಸಿನ ಬಾಗಿಲಲ್ಲೇ ಮೊದಲ ತಕರಾರು. ಅಲ್ಲಿ ಕೂತಿದ್ದ ಕಾವಲಿನವನು ನನ್ನ ಜೇಬಿನಿಂದ ಪೆನ್ನು ತೆಗೆಸಿ ಒಂದು ಪೆನ್ಸಿಲ್ ಕೊಟ್ಟ. ನೀರಿನ ಬಾಟಲಿಯನ್ನೂ ಇಸಿದುಕೊಂಡ. ನಾನು ಬರೆದದ್ದನ್ನು ಆಮೇಲೆ ಅಳಿಸುವುದಕ್ಕೆ ಅನುಕೂಲ ಮಾಡಿಕೊಳ್ಳುತ್ತಿದ್ದೀರಾ ಎಂದು ಕೇಳಿದೆ. ಶಾಯಿ ಚೆಲ್ಲಿದರೆ ಹಳೆಯ ಕಾಗದ ಹಾಳಾಗುತ್ತದೆ, ನೀರು ಚೆಲ್ಲಿದರೂ ಅಷ್ಟೇ, ಅದಕ್ಕೇ ಒಳಗೆ ಯಾರಿಗೂ ಪೆನ್ನು, ನೀರು, ಕಾಫಿ ಇಲ್ಲ ಎಂದು ಮಗಳು ಹೇಳಿದಳು. ಅವಳಿಗೆ ಇಲ್ಲಿಯ ಕಟ್ಟುಪಾಡು ಇಷ್ಟು ಚೆನ್ನಾಗಿ ಹೇಗೆ ಗೊತ್ತು ಎಂದು ಯೋಚಿಸುತ್ತ ಒಳಗೆ ಹೋದೆ.

ಒಳಗೆ ತಣ್ಣಗಿತ್ತು. ಕಬ್ಬಿಣದ ಕಪಾಟುಗಳ ಸಾಲು, ಬೂದು ಬಣ್ಣದ ಪೆಟ್ಟಿಗೆಗಳು. ಆ ಹೆಣ್ಣುಮಗಳು ನಮ್ಮನ್ನು ಕಂಡದ್ದೇ ಎದ್ದು ಬಂದರು, ದಾರಿಯಲ್ಲಿ ಒಂದೆರಡು ಪೆಟ್ಟಿಗೆ ತೆರೆದು ತೋರಿಸುತ್ತ ಕರೆದೊಯ್ದರು. ಅವರ ಮಾತೆಲ್ಲ ತೆಲುಗಿನಲ್ಲಿ, ಇಲ್ಲಿ ನನ್ನ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಹಳೆಯ ಪದವಿ ಪ್ರದಾನದ ಫೋಟೊಗಳಿದ್ದವು, ಅದರಲ್ಲಿ ಆಶ್ಚರ್ಯವಿಲ್ಲ. ಆದರೆ ಹಾಸ್ಟೆಲ್ ಮೆಸ್ಸಿನಲ್ಲಿ ಸಾರು ನೀರಾಗಿದೆ ಎಂದು ಹುಡುಗರು ಗೋಡೆಗೆ ಹಚ್ಚಿದ ಚೀಟಿ ಇತ್ತು. ಮಂಗಳಗಿರಿಯ ಮಗ್ಗಗಳಿಂದ ತಂದ ಸೀರೆಯಂಚಿನ ತುಂಡುಗಳು, ಬಂದರಿನ ಕೂಲಿಯವರ ತೋಳಿನ ಬಿಲ್ಲೆಗಳು, ಯಾವುದೋ ಊರಿನ ಟೂರಿಂಗ್ ಟಾಕೀಸಿನ ಟಿಕೆಟ್ಟು. ಇದನ್ನೆಲ್ಲ ಕಾಯುವುದಕ್ಕೆ ಏಸಿ ಹಾಕಿದ್ದಾರೆ! ಸಾರಿನ ಚೀಟಿಯನ್ನು ಇಷ್ಟು ಜೋಪಾನ ಮಾಡುವವರು ನನ್ನ ಹೆಂಡತಿಯನ್ನು ಒರೆಸಿ ಹಾಕಿದರಲ್ಲ ಎಂದು ಹೊಟ್ಟೆ ಉರಿಯಿತು.

"ನೀವು ಅಳಿಸಿದ್ದು ನನ್ನ ಹೆಂಡತಿಯ ದನಿ. ಮೊದಲು ಕ್ಯಾಸೆಟ್ ತೋರಿಸಿ" ಎಂದೆ.

ತೋರಿಸಿದರು. ಎಲ್ಲವೂ ಇದ್ದವು. ಒಂದೊಂದನ್ನೂ ತಿರುಗಿಸಿ ಮೂಲೆ ನೋಡಿದೆ, ಕೆಂಪು ಬೊಟ್ಟು ಇತ್ತು. ಪೆಟ್ಟಿಗೆಯ ಮುಚ್ಚಳದ ಒಳಗೆ ವಿವರದ ಹಾಳೆ ಅಂಟಿಸಿದ್ದರು. ಓದಿದೆ. ಪ್ರತಿ ಕ್ಯಾಸೆಟ್ಟಿನ ಮೇಲೂ ಒಂದು ಕೆಂಪು ಬೊಟ್ಟು ಇದೆ, ಈ ಸಮುದಾಯದವರ ಶುಭಸೂಚಕ ಪದ್ಧತಿ ಇರಬಹುದು, ವಿಚಾರಿಸಬೇಕು ಎಂದು ಬರೆದಿತ್ತು. ನನ್ನ ಕಳ್ಳಗುರುತು ಇಡೀ ಕನ್ನಡಿಗರ ಆಚಾರವಾಗಿ ವಿಶ್ವವಿದ್ಯಾಲಯದ ಪೆಟ್ಟಿಗೆ ಸೇರಿತ್ತು! ಮಗಳು ಬಾಯಿಗೆ ಕೈ ಅಡ್ಡ ಹಿಡಿದುಕೊಂಡಳು. ಬೇರೆ ದಿನವಾಗಿದ್ದರೆ ನನಗೂ ನಗು ಬರುತ್ತಿತ್ತು.

"ಮೂಲವನ್ನು ನಾವು ಯಾವತ್ತೂ ಮುಟ್ಟುವುದಿಲ್ಲ ಸಾರ್" ಎಂದರು ಆಕೆ. "ಕ್ಯಾಸೆಟ್ಟಿನಲ್ಲಿ ಇದ್ದದ್ದು ಇದ್ದ ಹಾಗೇ ಒಂದು ಪ್ರತಿ ಮಾಡಿ ಇಟ್ಟಿದ್ದೇವೆ. ಜನಕ್ಕೆ ಕೇಳಿಸುವ ಪ್ರತಿಯನ್ನು ಮಾತ್ರ ನಿಮ್ಮ ಅಧ್ಯಕ್ಷರು ಹೇಳಿದ ಹಾಗೆ ಸ್ವಚ್ಛ ಮಾಡಿದ್ದು. ನಮ್ಮಲ್ಲಿ ಯಾರಿಗೂ ಕನ್ನಡ ಬರುವುದಿಲ್ಲ. ಅದೇ ಮಾತು ಎರಡೆರಡು ಸಲ ಬರುತ್ತಿತ್ತು, ಟೇಪಿನ ದೋಷ ಇರಬಹುದು ಅಂದುಕೊಂಡೆವು. ಅದು ನಿಮ್ಮ ಮನೆಯವರ ದನಿ ಎಂದು ನನಗೆ ಯಾರೂ ಹೇಳಲಿಲ್ಲ."

ಯಾರೂ ಹೇಳಲಿಲ್ಲ. ನಾನು ಮಗಳ ಕಡೆ ನೋಡಿದೆ. ಆಮೇಲೆ ನೆನಪಾಯಿತು, ಆ ದಿನ ನಮ್ಮ ಮನೆಯಲ್ಲಿ ಈಕೆ ಒಂದೊಂದು ಕ್ಯಾಸೆಟ್ಟಿನಲ್ಲೂ ಏನಿದೆ ಎಂದು ಕೇಳಿದಾಗ ನಾಟಕ ಎಂದಷ್ಟೇ ಹೇಳಿ ಬಾಯಿ ಮುಚ್ಚಿಕೊಂಡವನು ನಾನು. ಹೆಚ್ಚು ಹೇಳಿದರೆ ಹೆಚ್ಚು ಬೆಲೆಯದೆಂದು ತಿಳಿದು ಲಪಟಾಯಿಸುತ್ತಾರೆ ಎಂಬ ಎಚ್ಚರಿಕೆ.

ಆದರೂ ನಾನು ಬಿಡಲಿಲ್ಲ. ನಮ್ಮ ವಿಭಾಗದಲ್ಲಿ ಒಂದು ನಿಯಮವಿತ್ತು. ಪಾಸಾದ ಮಾಲನ್ನು ಯಾರು ಬೇಕಾದರೂ ತೋರಿಸುತ್ತಾರೆ. ಬೇಡವೆಂದು ತೆಗೆದದ್ದು ಎಲ್ಲಿದೆ ಎಂದು ಕೇಳಬೇಕು. ಅದನ್ನು ಕಣ್ಣಾರೆ ಕಾಣದೆ ರುಜು ಹಾಕಬಾರದು.

"ತೆಗೆದದ್ದನ್ನು ತೋರಿಸಿ" ಎಂದೆ.

ಆಕೆಗೆ ಅರ್ಥವಾಗಲಿಲ್ಲ. ಮತ್ತೆ ಹೇಳಿದೆ. "ನಾಟಕದಿಂದ ಒಂದು ದನಿ ತೆಗೆದಿರಿ. ತೆಗೆದ ದನಿ ಎಲ್ಲಿಗೆ ಹೋಯಿತು? ಗಾಳಿಗಂತೂ ಹೋಗಿರಲಾರದು. ಅದನ್ನು ತೋರಿಸಿ."

ಆಕೆ ಕಂಪ್ಯೂಟರಿನ ಮುಂದೆ ಕೂತು ಹುಡುಕಿದರು. ಇಂಥ ಬೇಡಿಕೆಯನ್ನು ಅವರ ಮುಂದೆ ಯಾರೂ ಇಟ್ಟಿರಲಿಲ್ಲ ಎಂದು ಕಾಣುತ್ತದೆ. ಸ್ವಲ್ಪ ಹೊತ್ತಿಗೆ, ಇದೆ ಸಾರ್, ಅಳಿಸಿಲ್ಲ, ಬೇರೆ ಫೈಲಾಗಿ ಉಳಿದಿದೆ ಎಂದರು. ನಾನು ಕನ್ನಡಕ ಏರಿಸಿ ಪರದೆಯ ಮೇಲೆ ನೋಡಿದೆ. ಆ ಫೈಲಿಗೆ ನಾಯ್ಸ್ ಎಂದು ಹೆಸರು ಕೊಟ್ಟಿದ್ದರು. ನಮ್ಮ ಮನೆಯಲ್ಲಿ ಗಟ್ಟಿಯಾಗಿ ಪಾತ್ರೆ ಕೂಡ ಇಡದಿದ್ದ ಹೆಂಗಸಿನ ಹೆಸರು ನಾಯ್ಸ್. ನಾನು ಆ ಹೆಸರಿನ ಮೇಲೆ ಬೆರಳಿಟ್ಟೆ. ಆಕೆಗೂ ಅದು ಗೊತ್ತಾಗಿ, ಹೆಸರು ಈಗಲೇ ಬದಲಿಸುತ್ತೇನೆ ಸಾರ್ ಎಂದು ತಲೆ ತಗ್ಗಿಸಿದರು. ಮಗಳು ನನ್ನ ಹಿಂದೆ ಬಂದು ನಿಂತಳು.

"ಹಾಕ್ರಿ" ಎಂದೆ. ತೆಲುಗಿನಲ್ಲಿ ಹೇಳಬೇಕಾಗಿತ್ತು, ಕನ್ನಡದಲ್ಲೇ ಹೇಳಿಬಿಟ್ಟೆ. ಆಕೆಗೆ ತಿಳಿಯಿತು.

ಅವಳ ದನಿ ಬಂತು. ರಾಜ ಇಲ್ಲ, ಮಂತ್ರಿ ಇಲ್ಲ, ತಗಡಿನ ಕತ್ತಿ ಇಲ್ಲ, ಸಭೆಯ ಮಕ್ಕಳ ಗಲಾಟೆ ಇಲ್ಲ. ಅವಳೊಬ್ಬಳೇ, ಮೆಲ್ಲಗೆ, ಒಂದು ಸಾಲು ಹೇಳಿ ಸುಮ್ಮನಾಗುತ್ತಾಳೆ. ರಾಜ ಅದನ್ನು ಹೇಳಿ ಮುಗಿಸುವಷ್ಟು ಹೊತ್ತು ಏನೂ ಇಲ್ಲ. ಮತ್ತೆ ಒಂದು ಸಾಲು. ನಡುವೆ ಒಮ್ಮೆ ಕೆಮ್ಮಿದಳು. ಒಮ್ಮೆ, "ಅವಸರ ಮಾಡಬ್ಯಾಡ್ರಿ" ಎಂದು ಯಾರಿಗೋ ಗದರಿಸಿದಳು. ಹಾಳೆ ತಿರುವಿದ್ದು ಕೂಡ ಕೇಳಿತು. ಅಷ್ಟು ಹತ್ತಿರದಿಂದ ನಾನು ಅವಳನ್ನು ಎಷ್ಟೋ ವರ್ಷದಿಂದ ಕೇಳಿರಲಿಲ್ಲ. ನಾನು ಅತ್ತೆ. ಬೇರೆಯವರ ಮುಂದೆ ಅಳುವವನಲ್ಲ, ಅತ್ತೆ.

ರಾಣಿ ಅರಮನೆ ಬಿಟ್ಟು ಹೋಗುವ ದೃಶ್ಯ ಬಂತು. ಅವಳು ರಾಜನ ಮಾತನ್ನು ಹೇಳಿಕೊಟ್ಟಳು. "ನಿಲ್ಲು ದೇವೀ, ಬೆನ್ನು ತೋರಿಸಬೇಡ." ಆಮೇಲೆ ಎಂದಿನಂತೆ ಖಾಲಿ. ಆ ಖಾಲಿಯಲ್ಲಿ, ನನ್ನ ಬೆನ್ನ ಹಿಂದಿನಿಂದ ಇನ್ನೊಂದು ದನಿ ಬಂತು.

"ನಿಲ್ಲು ದೇವೀ, ಬೆನ್ನು ತೋರಿಸಬೇಡ."

ತಿರುಗಿ ನೋಡಿದೆ. ಮಗಳು ಕಣ್ಣು ಮುಚ್ಚಿಕೊಂಡು ನಿಂತಿದ್ದಳು. ಅವಳ ಅವ್ವ ಮುಂದಿನ ಸಾಲು ಹೇಳಿದಳು, ಖಾಲಿ ಬಂದಾಗ ಇವಳು ಅದನ್ನು ಹಾಗೆಯೇ ಹೇಳಿದಳು. ಎಲ್ಲಿಯೂ ತಪ್ಪಲಿಲ್ಲ. ತೆಲುಗಿನ ಒಂದು ಎಳೆಯೂ ಇಲ್ಲ, ಅಚ್ಚ ರಂಗದ ಕನ್ನಡ. ಕೆಲವು ಕಡೆ ಅವಳ ಅವ್ವ ಹೇಳುವುದಕ್ಕೆ ಮೊದಲೇ ಇವಳ ತುಟಿ ಅಲ್ಲಾಡುತ್ತಿತ್ತು.

ದೃಶ್ಯ ಮುಗಿದಾಗ ನಾನು ಕೇಳಿದೆ. "ನಿನಗ ಹೆಂಗ ಬರ್ತದ ಇದು?"

"ಅಮ್ಮ ಸ್ಟೂಲ್ ಮ್ಯಾಲೆ ಕೂತಿದ್ರ ನಾ ಆಕಿ ತೊಡಿ ಮ್ಯಾಲೆ ಇರ್ತಿದ್ದೆ ಕದಾ ಅಪ್ಪಾ. ತಾಲೀಮಿಗೂ ಆಕಿ ಜೋಡಿ ಹೋಗ್ತಿದ್ದೆ. ನೀವು ಡ್ಯೂಟಿದಾಗ ಇರ್ತಿದ್ರಿ" ಎಂದಳು. "ಎಲ್ಲಾ ನಾಟಕನೂ ಬರ್ತಾವ. ಮನಿ ಕೆಲಸ ಮಾಡುವಾಗ ಅಂದ್ಕೋತ ಇರ್ತೀನಿ. ನಿಮ್ಮ ಮುಂದ ಅಂದ್ರ ನಿಮಗ ನೋವಾಗ್ತದ ಅಂತ ಅನ್ನಲಿಲ್ಲ."

ಇಷ್ಟು ದಿನ ನಾನು ಈ ಹುಡುಗಿಯ ಮೇಲೆ ಏನೇನು ಹೊರಿಸಿದ್ದೆ! ನಾಚಿಕೆಯಿಂದ ಅವಳ ಮುಖ ನೋಡಲಾಗಲಿಲ್ಲ. ಮೇಜಿನ ಮೇಲಿದ್ದ ಪೆನ್ಸಿಲನ್ನು ಸುಮ್ಮನೆ ಆಚೆಗೆ ಈಚೆಗೆ ಉರುಳಿಸುತ್ತಿದ್ದೆ.

"ಒಂದು ಮಾತಪ್ಪಾ" ಎಂದಳು ಅವಳು, ಸ್ವಲ್ಪ ಸಂಕೋಚದಿಂದ. "ಬಾಯಿಪಾಠ ಬರ್ತದ, ಎಷ್ಟೋ ಕಡೆ ಅರ್ಥ ಗೊತ್ತಿಲ್ಲ. ಅಮ್ಮನ್ನ ಕೇಳಬೇಕಂತ ಅಂದ್ಕೊಂಡೆ, ಆಗಲಿಲ್ಲ. ರಾಣಿ ಹೋದ ಮ್ಯಾಲೆ ರಾಜ ಕಡೀಗೆ ಒಂದು ಅಂತಾನ ನೋಡ್ರಿ. 'ನೀನಗಲಿದ ಈ ಮನೆಯೊಳಗೆ ಎನ್ನ ನೆಳಲ ಮೇಲೆಯೂ ಎನಗೆ ಶಂಕೆ.' ಹಂಗಂದ್ರ ಏನು?"

ಬಿಡಿಸಿ ಹೇಳಬೇಕಾದರೆ ಅದನ್ನು ಮನೆಯ ಮಾತಿಗೆ ತರಬೇಕು. ಅವಳ ಅವ್ವನೂ ನಾನೂ ಆಡುತ್ತಿದ್ದ ಮಾತಿಗೆ. ನಾನು ಒಂದು ಕ್ಷಣ ಕೂಡಿಸಿಕೊಂಡು ಹೇಳಿದೆ.

"ಅಂದ್ರ, ನೀ ಹೋದಮ್ಯಾಲೆ ಈ ಮನ್ಯಾಗ ನನಗ ನನ್ನ ನೆರಳಿನ ಮ್ಯಾಲೂ ಅನುಮಾನ."

ಮಗಳು ಪಕ್ಕದ ಕುರ್ಚಿ ಎಳೆದುಕೊಂಡು ಕೂತು, ನನ್ನ ಕೈಯಿಂದ ಪೆನ್ಸಿಲ್ ತೆಗೆದಿಟ್ಟು, ಮೆಲ್ಲಗೆ ಕೇಳಿದಳು.

"ನಿಮಗೂ ಅಮ್ಮ ಹೋದಾಗಿಂದಾನೇ ಏನಪ್ಪಾ?"